ಹಸಿವಿನ ಬೆನ್ನಲ್ಲೇ ಬಂದ ಕೊಬ್ಬು

ಹೈದರಾಬಾದಿನ ಈಶಾನ್ಯದ ಅಂಚಿನಲ್ಲಿರುವ ಕುಷಾಯಿಗೂಡದ ಚಹರೆ 1967ರ ನಂತರ ಬದಲಾಯಿತು. ಆ ವರ್ಷ ವಿಜ್ಞಾನಿ ಎ.ಎಸ್. ರಾವ್ ಅವರ ಮುಂದಾಳತ್ವದಲ್ಲಿ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ಹುಟ್ಟಿತು. ನಾಲ್ಕು ವರ್ಷಗಳ ಬಳಿಕ ನೆರೆಯಲ್ಲೇ ಪರಮಾಣು ಇಂಧನ ಸಂಕೀರ್ಣ ಬಂತು. ಸುತ್ತ ಸಣ್ಣಪುಟ್ಟ ಕಾರ್ಖಾನೆಗಳೆದ್ದವು. ಹೊಲದಲ್ಲಿ ಬಗ್ಗಿ ದುಡಿದವರ ಮಕ್ಕಳು ಪಾಳಿಯ ಕೆಲಸಕ್ಕೆ ಸೇರಿದರು, ಮೊಮ್ಮಕ್ಕಳು ಕಂಪ್ಯೂಟರಿನ ಮುಂದೆ ಕೂತರು. ಈಗ ಇಂಥ ಬಡಾವಣೆಗಳ ಮನೆಮನೆಯಲ್ಲೂ ಕೇಳುವ ಮಾತು ‘ಗ್ರೇಡ್ ಒನ್ ಫ್ಯಾಟಿ ಲಿವರ್’, ಅಂದರೆ ಯಕೃತ್ತಿನಲ್ಲಿ ಕೊಬ್ಬು ಸೇರಿರುವುದರ ಮೊದಲ ಹಂತ. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೈದರಾಬಾದಿನ 345 ಐಟಿ ನೌಕರರನ್ನು ತಪಾಸಣೆ ಮಾಡಿದಾಗ ಶೇ. 84ರಷ್ಟು ಮಂದಿಯ ಯಕೃತ್ತಿನಲ್ಲಿ ಕೊಬ್ಬು ಕಂಡಿತ್ತು.

ಇದು ಉಂಡು ಕೊಬ್ಬಿದವರ ರೋಗವೆಂದು ತೀರ್ಪು ಕೊಡುವುದು ಸುಲಭ. ಆದರೆ ಇದೇ ಊರಿನ ಚರಿತ್ರೆ ಬೇರೆಯದನ್ನು ಹೇಳುತ್ತದೆ.

ಕುಷಾಯಿಗೂಡದಿಂದ ಮೌಲಾಲಿ ದಾಟಿ ಬಂದರೆ ತಾರ್ನಾಕ. ಅಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಿದೆ. ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಆರಂಭಿಸಿದ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ಇಲ್ಲಿ ನೋಡಿದ್ದು ಕ್ವಾಷಿಯೋರ್ಕರ್ ಎಂಬ ತೀವ್ರ ಅಪೌಷ್ಟಿಕತೆಯಿಂದ ಬಾಧಿತರಾದ ಮಕ್ಕಳನ್ನು: ಊದಿದ ಕಾಲು, ಉಬ್ಬಿದ ಹೊಟ್ಟೆ, ಸುಲಿದ ಚರ್ಮ. ಹೊಟ್ಟೆಗಿಲ್ಲದ ಆ ಮಕ್ಕಳ ಯಕೃತ್ತಿನಲ್ಲೂ ಕೊಬ್ಬು ತುಂಬಿರುತ್ತಿತ್ತು! ಕೊಬ್ಬನ್ನು ಯಕೃತ್ತಿನಿಂದ ರಕ್ತಕ್ಕೆ ಸಾಗಿಸಲು ಪ್ರೋಟೀನು ಬೇಕು. ಅದು ಸಾಲದಾದಾಗ ಕೊಬ್ಬು ಅಲ್ಲೇ ಉಳಿಯುತ್ತದೆ ಎಂಬುದು ಇದಕ್ಕೆ ಕೊಡುತ್ತಿದ್ದ ಮುಖ್ಯ ವಿವರಣೆ.

ಕುಡಿತವಿಲ್ಲದ ವಯಸ್ಕರ ಫ್ಯಾಟಿ ಲಿವರಿಗೆ ಸ್ಪಷ್ಟ ಗುರುತು ದಕ್ಕಿದ್ದು ತಡವಾಗಿ. ಅಮೆರಿಕದ ಮೇಯೊ ಕ್ಲಿನಿಕ್‌ನ ಯುರ್ಗನ್ ಲುಡ್ವಿಗ್ 1980ರಲ್ಲಿ 20 ರೋಗಿಗಳ ವಿವರ ಪ್ರಕಟಿಸಿದರು. ಫ್ಯಾಟಿ ಲಿವರ್ ಇರುವವರ ಸಾವಿಗೆ ಮೊದಲ ಕಾರಣ ಯಕೃತ್ತಲ್ಲ, ಹೃದಯ ಮತ್ತು ರಕ್ತನಾಳಗಳ ರೋಗ ಎಂಬುದು ಆಮೇಲೆ ಸ್ಪಷ್ಟವಾಯಿತು. ಇನ್ಸುಲಿನ್ನಿನ ಮಾತು ಕೇಳದ, ಅಂದರೆ ಇನ್ಸುಲಿನ್ ಪ್ರತಿರೋಧವಿರುವ ಯಕೃತ್ತು ಸಕ್ಕರೆಯನ್ನೂ ಟ್ರೈಗ್ಲಿಸರೈಡನ್ನೂ ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ರಕ್ತನಾಳಗಳ ಗೋಡೆ ಕೆಡುತ್ತದೆ.

ಹಸಿವಿಗೂ ಹೃದಯಕ್ಕೂ ಏನು ನಂಟು? ಅದರ ಸುಳಿವು ಸಿಕ್ಕಿದ್ದು ಮೈಸೂರಿನಲ್ಲಿ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದಲೇ ಹುಟ್ಟಿದ ಪ್ರತಿ ಮಗುವನ್ನು ತೂಗಿ ಬರೆದಿಟ್ಟಿದ್ದರು. ಆ ದಾಖಲೆ ಹಿಡಿದು ಸಂಶೋಧಕರು ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿದರು. 517 ಮಂದಿಯ ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಮೀರದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋ ಅಥವಾ ಹೆಚ್ಚಿದ್ದವರಲ್ಲಿ ಶೇ. 3 ಮಾತ್ರ. ಯಾವುದೋ ಹೆರಿಗೆ ಕೋಣೆಯ ದಾದಿಯರು ಶ್ರದ್ಧೆಯಿಂದ ಬರೆದಿಟ್ಟ ಅಂಕಿಗಳು ಬಸಿರಿನಲ್ಲಿನ ಕೊರತೆ ಮುಂದೆ ಹೃದಯವನ್ನು ಕಾಡಬಹುದೆಂಬ ದೊಡ್ಡ ಮಾತನ್ನು ಹೇಳಿದವು.

ಹೈದರಾಬಾದಿನ ಹತ್ತಿರದ 29 ಹಳ್ಳಿಗಳ ಕಥೆ ಇನ್ನೂ ನೇರವಾದದ್ದು. 1987ರಿಂದ 1990ರವರೆಗೆ ಪೋಷಣಾ ಸಂಸ್ಥೆಯವರು ಅವುಗಳಲ್ಲಿ 15 ಹಳ್ಳಿಗಳ ಬಸುರಿಯರಿಗೂ ಎಳೆಯ ಮಕ್ಕಳಿಗೂ ದಿನಾ ಉಪ್ಪಿಟ್ಟು ಕೊಡಿಸಿದರು. ಮೆಕ್ಕೆಜೋಳ, ಸೋಯಾ ಹಿಟ್ಟಿನ ಸಾಮಾನ್ಯ ಉಪ್ಪಿಟ್ಟು. ಉಳಿದ 14 ಹಳ್ಳಿಗಳಿಗೆ ಆ ಆಹಾರ ಯೋಜನೆ ಇನ್ನೂ ತಲುಪಿರಲಿಲ್ಲ. ಎರಡೂ ಗುಂಪಿನ ಹಳ್ಳಿಗಳ ಮಕ್ಕಳು ಹದಿಹರೆಯಕ್ಕೆ ಬಂದಾಗ ಸಂಶೋಧಕ ಸಂಜಯ್ ಕಿನ್ರಾ ಅವರ ತಂಡ ಅವರನ್ನು ಪರೀಕ್ಷಿಸಿತು. ಉಪ್ಪಿಟ್ಟಿನ ಹಳ್ಳಿಗಳ ಮಕ್ಕಳಲ್ಲಿ ಇನ್ಸುಲಿನ್ ಪ್ರತಿರೋಧ ಕಡಿಮೆಯಿತ್ತು, ರಕ್ತನಾಳಗಳು ಹೆಚ್ಚು ಮೃದುವಾಗಿದ್ದವು. ವರದಿ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಫ್ಯಾಟಿ ಲಿವರ್ ಮತ್ತು ಹೃದ್ರೋಗ ಎರಡರ ಬೇರಿನಲ್ಲೂ ಇರುವುದು ಅದೇ ಇನ್ಸುಲಿನ್ ಪ್ರತಿರೋಧ.

ಹಾಗಾಗಿ ಕಾರ್ಖಾನೆಯ ಬಡಾವಣೆಯ ಇಂದಿನ ಕಾಯಿಲೆಗೆ ಬಿರಿಯಾನಿಯನ್ನೂ ಕುರ್ಚಿಯನ್ನೂ ಮಾತ್ರ ದೂರಿದರೆ ಅರ್ಧ ಸತ್ಯ. ಬಡತನದ ಬಸಿರಿನಲ್ಲಿ ಬೆಳೆದ ಮೈಗೆ ಒಮ್ಮೆಲೇ ಅನ್ನ, ಎಣ್ಣೆ, ಸಕ್ಕರೆ ಸಿಕ್ಕಿ, ದುಡಿಮೆ ತಪ್ಪಿದೆ. ಕೇಂದ್ರ ಸರ್ಕಾರ 2021ರಲ್ಲಿ ಫ್ಯಾಟಿ ಲಿವರನ್ನು ಮಧುಮೇಹ, ಹೃದ್ರೋಗ, ಕ್ಯಾನ್ಸರ್, ಪಾರ್ಶ್ವವಾಯುಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ್ದು ಸರಿಯಾದ ಹೆಜ್ಜೆ.

ರಿಪೋರ್ಟಿನಲ್ಲಿ ‘ಗ್ರೇಡ್ ಒನ್’ ಎಂದು ಕಂಡವರು ‘ಎಲ್ಲರಿಗೂ ಇರುತ್ತೆ’ ಎಂದು ಮಡಿಚಿಡದೆ, ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಂಡು, ಹೃದಯದ ಬಗ್ಗೆಯೂ ವೈದ್ಯರನ್ನು ಕೇಳಲಿ.