ನೀರು ನುಂಗಲಾರದ ಆಶ್ರಯ



ಅಕ್ಟೋಬರ್ ತಿಂಗಳನ್ನು ಧರ್ಮಸಭೆಯು ಜಪಸರಕ್ಕೆ ಮೀಸಲಿಟ್ಟಿದೆ. ಆ ತಿಂಗಳ 7ರಂದು ನಾವು ಜಪಸರ ಮಾತೆಯ ಹಬ್ಬವನ್ನು ಆಚರಿಸುತ್ತೇವೆ. 1571ರ ಇದೇ ದಿನ ಲೆಪಾಂಟೊ ಎಂಬಲ್ಲಿ ನಡೆದ ನೌಕಾಯುದ್ಧದ ಅಪಾಯದಿಂದ ಪಾರಾದ ಕ್ರೈಸ್ತ ಜನ ಮಾತೆಗೆ ಸಲ್ಲಿಸಿದ ಕೃತಜ್ಞತೆಯಿಂದಲೇ ಈ ಹಬ್ಬ ಹುಟ್ಟಿತು. ಪೋಪ್ ಸಂತ ಐದನೇ ಪಯಸ್ ಇದನ್ನು ಸ್ಥಾಪಿಸಿದರು. ಹಾಗಾಗಿ ಇದು ಬಿಡುಗಡೆಯ ಹಬ್ಬ, ಆಶ್ರಯದ ಹಬ್ಬ.

ಆದರೆ ನಮ್ಮ ಹಾಸನ ಜಿಲ್ಲೆಯಲ್ಲಿ ಈ ಹಬ್ಬದ ದಿನಗಳು ಒಂದು ಕಷ್ಟದ ಪ್ರಶ್ನೆಯನ್ನೂ ನಮ್ಮ ಮುಂದಿಡುತ್ತವೆ. ಗೊರೂರಿನ ಸಮೀಪ, ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯಲ್ಲಿ ಜಪಸರ ಮಾತೆಯ ಹೆಸರಿನಲ್ಲೇ ಕಟ್ಟಿದ ದೇವಾಲಯವೊಂದಿದೆ. ಮಳೆ ಚೆನ್ನಾಗಿ ಬಂದ ವರ್ಷ, ಮಾತೆಯ ಹಬ್ಬದ ಹೊತ್ತಿಗೆ ಆ ದೇವಾಲಯ ಹೇಮಾವತಿ ಜಲಾಶಯದ ನೀರಿನಲ್ಲಿ ನಿಂತಿರುತ್ತದೆ. ದೇವರೇ ನಮ್ಮ ಆಶ್ರಯವೆಂದು ಹಾಡುವ ನಾವು, ನಮ್ಮವರ ಆಶ್ರಯವೇ ನೀರಿನ ಪಾಲಾದುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಉತ್ತರಕ್ಕಾಗಿ ನಮ್ಮ ನಾಡಿನ ಕ್ರೈಸ್ತರ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಆಶ್ರಯ ಪಡೆದವರೇ ಆಶ್ರಯ ಕೊಟ್ಟರು

1792ರ ಸೆಪ್ಟೆಂಬರಿನಲ್ಲಿ, ಫ್ರೆಂಚ್ ಕ್ರಾಂತಿಯ ಉರಿಯಲ್ಲಿ, ಪ್ಯಾರಿಸ್ಸಿನ ಸೆರೆಮನೆಗಳಲ್ಲಿದ್ದ 200ಕ್ಕೂ ಹೆಚ್ಚು ಗುರುಗಳನ್ನು ಕೊಲ್ಲಲಾಯಿತು. ಅದೇ ವರ್ಷ ಗುರುದೀಕ್ಷೆ ಪಡೆದ ಒಬ್ಬ ಯುವಕ ತಾಯ್ನಾಡನ್ನು ಬಿಟ್ಟು ಭಾರತಕ್ಕೆ ಹೊರಟರು. ಅವರೇ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ. ಕ್ರಾಂತಿಕಾರರ ಗುಂಡಿನಿಂದ ತಪ್ಪಿಸಿಕೊಂಡು ಬಂದವರು ಇವರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ.

1799ರ ಮೇ 4ರಂದು ಶ್ರೀರಂಗಪಟ್ಟಣದ ಪತನವಾಯಿತು. 1784ರಲ್ಲಿ ಕೆನರಾ ಕರಾವಳಿಯಿಂದ ಸೆರೆಯಾಗಿ ಘಟ್ಟ ಹತ್ತಿ ಬಂದಿದ್ದ ಕ್ರೈಸ್ತರಲ್ಲಿ ಬದುಕುಳಿದವರಿಗೆ ಅಂದು ಬಿಡುಗಡೆ ದೊರಕಿತು. ಹದಿನೈದು ವರ್ಷಗಳ ಸೆರೆಯಲ್ಲಿ ಮನೆ, ದೇವಾಲಯ, ಗುರುಗಳು ಎಲ್ಲವನ್ನೂ ಕಳೆದುಕೊಂಡಿದ್ದ ಜನ ಅವರು. ಹೀಗೆ ಚದುರಿಹೋಗಿದ್ದ ಮಂದೆಯನ್ನು ಮತ್ತೆ ಕೂಡಿಸಲು ದ್ಯುಬುವಾ ಮೈಸೂರು ಸೀಮೆಗೆ ಬಂದರು. ಊರೂರು ತಿರುಗಿದರು. ನಮ್ಮ ಜನರಂತೆಯೇ ಉಟ್ಟರು, ಉಂಡರು. ಜನ ಅವರನ್ನು ಪ್ರೀತಿಯಿಂದ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.

ಹಾಸನದ ಬಳಿಯ ಸಾತಳ್ಳಿಯ ಕ್ರೈಸ್ತ ಒಕ್ಕಲು ಹಳ್ಳಿಗಳ ಬುನಾದಿಯಲ್ಲಿ ಇವರ ಶ್ರಮವಿದೆ. ನೆಲೆ ತಪ್ಪಿದವರಿಗೆ ಪ್ರಾರ್ಥನೆಯ ಜೊತೆ ಉಳುವ ನೆಲವೂ ಬೇಕೆಂಬುದನ್ನು ಅವರು ಕಂಡುಕೊಂಡಿದ್ದರು. ಅಂದಿನ ಇನ್ನೊಂದು ಭಯ ಸಿಡುಬು. 1796ರಲ್ಲಿ ಇಂಗ್ಲೆಂಡಿನ ಜೆನ್ನರ್ ಕಂಡುಹಿಡಿದ ಲಸಿಕೆ 1802ರಲ್ಲಿ ಮುಂಬಯಿಗೆ ಬಂದಿತ್ತು. ಅದರ ಬೆನ್ನಲ್ಲೇ ದ್ಯುಬುವಾ ಮತ್ತು ಅವರ ಸಹಾಯಕರು ಹಳ್ಳಿಗಳಲ್ಲಿ ‘ದೇವಿ ಹಾಕಲು’ ತೊಡಗಿದರು. 1803–04ರಲ್ಲಿ 25,432 ಜನರಿಗೆ ಲಸಿಕೆ ಹಾಕಿದ ದಾಖಲೆಯಿದೆ. ಇವರಲ್ಲಿ ಯಾರು ಕ್ರೈಸ್ತರು, ಯಾರು ಅಲ್ಲ ಎಂದು ಕೇಳುವ ಕೆಲಸ ಅದಾಗಿರಲಿಲ್ಲ. ಪ್ರಾಣ ಉಳಿಸಿಕೊಂಡು ಬಂದವರ ಕೈಯಿಂದಲೇ ದೇವರು ಬೇರೆಯವರ ಪ್ರಾಣ ಉಳಿಸಿದರು.

ನಿರಾಶೆಗಿಂತ ದೊಡ್ಡದಾದ ನಿಷ್ಠೆ

ಇಷ್ಟೆಲ್ಲ ದುಡಿದ ದ್ಯುಬುವಾ ಸ್ವಾಮಿಗಳು 1823ರಲ್ಲಿ ಫ್ರಾನ್ಸಿಗೆ ಹಿಂದಿರುಗುವಾಗ ಸಂತೋಷದಿಂದ ಹೋಗಲಿಲ್ಲ. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಇಲ್ಲಿ ಆ ಧರ್ಮಕ್ಕೆ ಭವಿಷ್ಯವಿಲ್ಲವೆಂಬ ನಿರಾಶೆಯನ್ನೇ ಅವರು ತೋಡಿಕೊಂಡರು. ಮೂವತ್ತು ವರ್ಷಗಳ ದುಡಿಮೆ ಅವರ ಕಣ್ಣಿಗೆ ವ್ಯರ್ಥವಾಗಿ ಕಂಡಿತ್ತು. 1848ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು.

ಆದರೆ ಬಿತ್ತಿದವನು ಹೊಲ ಬಿಟ್ಟು ಹೋದರೂ ಮಳೆ ಸುರಿಸುವ ದೇವರು ಹೊಲವನ್ನು ಬಿಟ್ಟು ಹೋಗಲಿಲ್ಲ. ಅವರ ಹಿಂದೆ ಬಂದ ಫ್ರೆಂಚ್ ಗುರುಗಳು ಹಾಸನ ಸೀಮೆಯ ಹಳ್ಳಿಗಳನ್ನು ನೋಡಿಕೊಂಡರು. 1860ರ ದಶಕದಲ್ಲಿ ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಗಾಥಿಕ್ ಶೈಲಿಯ ಎತ್ತರದ ಕಮಾನುಗಳ ದೇವಾಲಯ ಎದ್ದು ನಿಂತಿತು. ಅದರ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುವುದುಂಟು. ಅದಾಗಿ ಹೆಚ್ಚು ವರ್ಷ ಕಳೆಯುವ ಮುನ್ನವೇ ಧಾತು–ಈಶ್ವರ ಸಂವತ್ಸರಗಳ ಭೀಕರ ಬರ ಬಂತು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ಬರವನ್ನು ದಾಟಿ ಬಂದ ಕ್ರೈಸ್ತ ಹಳ್ಳಿಗಳು ಇಂದಿಗೂ ನಮ್ಮ ನಡುವೆ ಇವೆ. ನಿರಾಶೆ ಸ್ವಾಮಿಗಳದಾಗಿತ್ತು, ನಿಷ್ಠೆ ದೇವರದಾಗಿತ್ತು.

ಹೇಮಾವತಿಯ ನೀರು

ಇಪ್ಪತ್ತನೇ ಶತಮಾನದಲ್ಲಿ ಇನ್ನೊಂದು ಪರೀಕ್ಷೆ ಬಂತು. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಕಟ್ಟಲಾಯಿತು. 1979ರಲ್ಲಿ ಪೂರ್ಣಗೊಂಡ ಈ ಜಲಾಶಯದಲ್ಲಿ ಸುಮಾರು 37 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಆ ನೀರಿಗೆ ಜಾಗ ಬಿಟ್ಟುಕೊಟ್ಟ ಊರುಗಳಲ್ಲಿ ಶೆಟ್ಟಿಹಳ್ಳಿಯೂ ಒಂದು. ಉತ್ತ ಗದ್ದೆ, ಹುಟ್ಟಿದ ಮನೆ, ಜ್ಞಾನಸ್ನಾನ ಪಡೆದ ತೊಟ್ಟಿ, ತಂದೆತಾಯಂದಿರು ಮದುವೆಯಾದ ಪೀಠ, ಇವೆಲ್ಲವನ್ನೂ ಹಿಂದೆ ಬಿಟ್ಟು ಜನ ಗಂಟುಮೂಟೆ ಕಟ್ಟಿದರು. ಅವರ ಕಣ್ಣೀರನ್ನು ನಾವು ಹಗುರವಾಗಿ ಎಣಿಸಬಾರದು. ಪರಿಹಾರದ ಯಾವ ಲೆಕ್ಕಕ್ಕೂ ಅದು ಸಿಕ್ಕುವಂಥದಲ್ಲ.

ಅದೇ ನೀರು ಎಡದಂಡೆ, ಬಲದಂಡೆ ನಾಲೆಗಳಲ್ಲಿ ಹರಿದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹೊಲಗಳನ್ನು ಮುಟ್ಟಿತು; ಅಲ್ಲಿಂದ ಮುಂದೆ ತುಮಕೂರು ಸೀಮೆಗೂ ಹೋಯಿತು. ಮಳೆ ನೆಚ್ಚಿ ಕೂತಿದ್ದ ಬಯಲಿನಲ್ಲಿ ಭತ್ತದ ಪೈರು ಬಂತು. ಅಲ್ಲಿ ಇಂದು ಅನ್ನ ಉಣ್ಣುವವರು ಶೆಟ್ಟಿಹಳ್ಳಿಯಂಥ ಊರುಗಳು ಬಿಟ್ಟುಕೊಟ್ಟ ನೆಲದ ಋಣದಲ್ಲಿದ್ದಾರೆ. ಮೇಲಿನವರ ನಷ್ಟ ಕೆಳಗಿನವರ ತುತ್ತಾಯಿತು. ಇದನ್ನು ಹೇಳುವುದು ನಷ್ಟವನ್ನು ಮರೆಸಲಿಕ್ಕಲ್ಲ, ಋಣವನ್ನು ನೆನಪಿಸಲಿಕ್ಕೆ.

ಹಾಗಾದರೆ ಆಶ್ರಯ ಯಾವುದು?

ಕ್ರಿಸ್ತಪೂರ್ವ 587ರ ಸುಮಾರಿಗೆ ಬಾಬಿಲೋನಿನ ಸೇನೆ ಜೆರುಸಲೇಮಿನ ದೇವಾಲಯವನ್ನು ಸುಟ್ಟಿತು. ದೇವರಿಗೆ ಮನೆಯೇ ಇಲ್ಲವಾಯಿತೆಂದು ಜನ ಅತ್ತರು. ಆದರೆ ಪ್ರವಾದಿ ಯೆಹೆಜ್ಕೇಲನಿಗೆ ದೇವರು ತೋರಿಸಿದ್ದೇ ಬೇರೆ. ಅವರ ಮಹಿಮೆ ದೇವಾಲಯದ ಗೋಡೆಗಳಿಗೆ ಕಟ್ಟುಬಿದ್ದುದಲ್ಲ. ಗಡೀಪಾರಾದವರ ಜೊತೆ ಅದೂ ಪ್ರಯಾಣ ಮಾಡುತ್ತದೆ. ದೂರದ ನಾಡಿನಲ್ಲಿ ದೇವರೇ ಅವರಿಗೆ ಗರ್ಭಗುಡಿಯಾಗುತ್ತಾರೆ. ಪ್ರಲಾಪಗಳ ಗ್ರಂಥದ ಕಣ್ಣೀರಿನ ನಡುವೆಯೇ ದೇವರ ನಿಷ್ಠೆಯ ಸ್ತುತಿ ಕೇಳಿಬರುವುದು ಇದೇ ಕಾರಣಕ್ಕೆ. ಎಲ್ಲ ಚೆನ್ನಾಗಿರುವಾಗ ದೇವರನ್ನು ಹೊಗಳುವುದು ಸುಲಭ. ಬೂದಿಯ ಮೇಲೆ ಕುಳಿತು ಹೊಗಳುವವನಿಗೆ ಮಾತ್ರ ತಾನು ಯಾರನ್ನು ಹೊಗಳುತ್ತಿದ್ದೇನೆಂಬುದು ಚೆನ್ನಾಗಿ ತಿಳಿದಿರುತ್ತದೆ.

ಶೆಟ್ಟಿಹಳ್ಳಿಯನ್ನು ಬಿಟ್ಟು ಹೊರಟವರೂ ಜಪಸರವನ್ನು ನೀರಿಗೆ ಬಿಟ್ಟು ಹೊರಡಲಿಲ್ಲ. ಅದು ಅವರ ಕೈಯಲ್ಲೇ ಇತ್ತು. ಗೋಡೆಗಳು ಮುಳುಗಿದವು, ಜಪ ಮುಳುಗಲಿಲ್ಲ. ದೇವರು ನಮ್ಮ ಆಶ್ರಯವೆಂದರೆ ನಮ್ಮ ಕಟ್ಟಡಗಳಿಗೆ ಏನೂ ಆಗದೆಂಬ ವಾಗ್ದಾನವಲ್ಲ. ನಾವು ಎಲ್ಲಿಗೆ ಹೋದರೂ ಅವರು ನಮ್ಮೊಡನೆ ಹೊರಡುತ್ತಾರೆಂಬ ವಾಗ್ದಾನ.

ಇಂದು ಶೆಟ್ಟಿಹಳ್ಳಿಗೆ ದೂರದೂರದಿಂದ ಜನ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಛಾವಣಿಯಿಲ್ಲ, ಗೋಡೆಗಳು ಕುಸಿಯುತ್ತಿವೆ. ನಾವು ಹೋದಾಗಲಾದರೂ ಅಲ್ಲಿ ನಿಂತು ಜಪಸರದ ಒಂದು ರಹಸ್ಯವನ್ನು ಒಪ್ಪಿಸೋಣ. ಮಕ್ಕಳಿಗೆ ಈ ಚರಿತ್ರೆಯನ್ನು ಹೇಳೋಣ. ಅದಕ್ಕಿಂತ ಮುಖ್ಯವಾಗಿ, ಆಶ್ರಯ ಪಡೆದವರ ಮಕ್ಕಳಾದ ನಾವು ಆಶ್ರಯ ಕೊಡುವವರಾಗೋಣ. ನಮ್ಮ ಕಾಫಿ ತೋಟಗಳಿಗೆ ದೂರದ ರಾಜ್ಯಗಳಿಂದ ಕೂಲಿಗೆ ಬರುವ ಕುಟುಂಬಗಳಿವೆ. ಸಾಲಕ್ಕೆ ಸಿಕ್ಕಿ ನೆಲ ಕಳೆದುಕೊಂಡ ನೆರೆಯವರಿದ್ದಾರೆ. ಅವರು ನಮ್ಮ ಬಾಗಿಲು ತಟ್ಟಿದಾಗ, ಯಾವ ಧರ್ಮಕೇಂದ್ರದವರು, ಯಾವ ಜಾತಿಯವರು ಎಂದು ಕೇಳುವ ಮೊದಲು ದೊಡ್ಡ ಸ್ವಾಮಿಯವರನ್ನು ನೆನೆಯೋಣ.

ಸೆರೆಯಿಂದ, ಸಿಡುಬಿನಿಂದ, ಬರದಿಂದ, ನೀರಿನಿಂದ ನಮ್ಮ ಹಿರಿಯರನ್ನು ದಾಟಿಸಿದ ದೇವರಿಗೆ ಸ್ತೋತ್ರ. ಆಶ್ರಯ ಬೇಡಿ ಬಂದವರನ್ನು ಕೈಬಿಡದ ಜಪಸರ ಮಾತೆ ನಮ್ಮೆಲ್ಲ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.