ಕಣ್ಣಿಗೆ ಕಟ್ಟಿದ್ದನ್ನು ಬಿಚ್ಚುವ ಬಗೆ

ನಮ್ಮಲ್ಲಿ ಒಂದು ಮಾತಿದೆ: 'ಕಣ್ಣಿಗೆ ಕಟ್ಟಿದ ಹಾಗಿದೆ.' ಮದುವೆಯ ದಿನವೋ ಮಗುವಿನ ಮೊದಲ ಹೆಜ್ಜೆಯೋ ನಿನ್ನೆ ಮೊನ್ನೆ ನಡೆದಂತೆ ನೆನಪಿದ್ದರೆ ಹಾಗನ್ನುತ್ತೇವೆ. ಆದರೆ ಕಣ್ಣಿಗೆ ಕಟ್ಟುವುದೆಲ್ಲ ಸಂತೋಷದ್ದೇ ಆಗಿರಬೇಕಿಲ್ಲ. ಬೆಂಕಿ, ನೀರು, ರಸ್ತೆಯ ಅಪಘಾತ, ಕತ್ತಲಲ್ಲಿ ಮೈಮೇಲೆ ಬಿದ್ದ ಕೈ, ಇವೂ ಕಟ್ಟುತ್ತವೆ. ಕಟ್ಟಿದ ಮೇಲೆ ಬಿಚ್ಚುವುದಿಲ್ಲ. ಇಂಥ ನೆನಪಿಗೆ ನಮ್ಮ ಮನೆಗಳು ಬಲ್ಲ ಔಷಧ ಒಂದೇ: 'ಮರೆತುಬಿಡು.' ಈ ಮಾತನ್ನು ಹೇಳದ ಹಿರಿಯರಿಲ್ಲ, ಕೇಳಿಸಿಕೊಳ್ಳದ ಹೆಣ್ಣಿಲ್ಲ. ಆದರೆ ಮರೆಯಲು ಆಗದಿದ್ದರೆ?

ನಮ್ಮ ದೊಡ್ಡಮ್ಮನ ನಾಲ್ಕು ವರ್ಷದ ಮಗ ಹಿತ್ತಿಲ ಬಾವಿಗೆ ಬಿದ್ದು ತೀರಿಹೋದ. ಅದು ನಾನು ಹುಟ್ಟುವ ಮೊದಲಿನ ಸಂಗತಿ. ನನಗೆ ಬುದ್ಧಿ ಬರುವ ಹೊತ್ತಿಗೆ ದೊಡ್ಡಮ್ಮನಿಗೆ ಐವತ್ತು ದಾಟಿತ್ತು. ಆಗಲೂ ಪಕ್ಕದ ಮನೆಯ ಬಾವಿಯ ರಾಟೆ ಕಿರ್ರೆಂದರೆ ಅವರ ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು, ಮುಖ ಬಿಳಿಚಿಕೊಳ್ಳುತ್ತಿತ್ತು. 'ಗಾಳಿ ಸೋಕಿದೆ' ಎಂದು ತಾಯತ ಕಟ್ಟಿಸಿದರು. 'ಎಲ್ಲ ನಾಟಕ' ಎಂದವರೂ ಇದ್ದರು. ಮಗುವಿನ ಹೆಸರನ್ನು ಮಾತ್ರ ಯಾರೂ ಅವರ ಮುಂದೆ ಎತ್ತುತ್ತಿರಲಿಲ್ಲ. ಅದೇ ದೊಡ್ಡ ಉಪಕಾರವೆಂದು ಎಲ್ಲರೂ ನಂಬಿದ್ದರು. ಒಳಗಿದ್ದದ್ದನ್ನು ಒಬ್ಬರೆದುರೂ ಆಡದೆಯೇ ದೊಡ್ಡಮ್ಮ ಹೊರಟುಹೋದರು.

ಗಾಳಿ, ನಾಟಕ. ಈ ಎರಡು ಪದಗಳು ನಮ್ಮೂರಿನ ಸೊತ್ತೇನೂ ಅಲ್ಲ. ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನಗೆ ಪಠ್ಯಪುಸ್ತಕದಲ್ಲಿಲ್ಲದ ಚರಿತ್ರೆಯನ್ನು ಹುಡುಕಿ ಓದುವ ಚಪಲ. ಹಾಗೆ ಓದುವಾಗ ತಿಳಿಯಿತು, ಯೂರೋಪಿನ ದೊಡ್ಡ ದೊಡ್ಡ ವೈದ್ಯರೂ ಬಹಳ ಕಾಲ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದರೆಂದು. ಅವರ ಪದ 'ಹಿಸ್ಟೀರಿಯಾ'. ಗರ್ಭಕೋಶ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಅಂದರೆ ಹೆಂಗಸು ನಡುಗಿದರೆ, ಮೂರ್ಛೆ ಹೋದರೆ, ಮಾತು ನಿಂತರೆ ತಪ್ಪು ಅವಳ ಗರ್ಭಕೋಶದ್ದು! ಅವಳಿಗೆ ಏನಾಯಿತು ಎಂದು ಕೇಳುವವರು ವಿರಳ. 1896ರಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಕೇಳಿದರು. ಈ ಕಾಯಿಲೆಯ ಬೇರು ಬಾಲ್ಯದಲ್ಲಿ ನಡೆದ ಲೈಂಗಿಕ ದೌರ್ಜನ್ಯದಲ್ಲಿದೆ ಎಂದು ವೈದ್ಯರ ಸಭೆಯಲ್ಲಿ ಹೇಳಿಯೂಬಿಟ್ಟರು. ಮರುವರ್ಷವೇ ಆ ವಾದದಿಂದ ಹಿಂದೆ ಸರಿದರು. ಹೆಣ್ಣಿನ ಮಾತಿಗೆ ತೆರೆದ ಬಾಗಿಲು ಅಷ್ಟು ಬೇಗ ಮುಚ್ಚಿಕೊಂಡಿತು.

ಅದೇ ನಡುಕ ಗಂಡಸರಿಗೆ ಬಂದಾಗ ಲೋಕ ಸ್ವಲ್ಪ ತಿರುಗಿ ನೋಡಿತು. ಮೊದಲನೆಯ ಮಹಾಯುದ್ಧದ ಕಂದಕಗಳಿಂದ ಮೈಯಲ್ಲಿ ಒಂದು ಗಾಯವೂ ಇಲ್ಲದ ಸೈನಿಕರು ಮಾತು ಕಳೆದುಕೊಂಡು, ಗಡಗಡ ನಡುಗುತ್ತ ಆಸ್ಪತ್ರೆಗೆ ಬರತೊಡಗಿದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು 'ಶೆಲ್ ಶಾಕ್' ಎಂದು ಕರೆದು ಬರೆದರು. ಹಾಗೆಂದು ಎಲ್ಲರಿಗೂ ಕರುಣೆ ಸಿಕ್ಕಿತೆಂದಲ್ಲ. ಪಲಾಯನ, ಹೇಡಿತನ ಮುಂತಾದ ಆರೋಪ ಹೊರಿಸಿ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಸಾಲಾಗಿ ಗುಂಡಿಟ್ಟು ಕೊಂದಿತು. ಅವರಲ್ಲಿ ಕೆಲವರಾದರೂ ಈ ಕಾಯಿಲೆಯವರೆಂದು ತಿಳಿದವರು ಹೇಳುತ್ತಾರೆ. ಹಾಗೆ ಸತ್ತ 300ಕ್ಕೂ ಹೆಚ್ಚು ಮಂದಿಗೆ ಬ್ರಿಟನ್ ಕ್ಷಮೆ ನೀಡಿದ್ದು 2006ರಲ್ಲಿ, 90 ವರ್ಷ ಕಳೆದ ಮೇಲೆ. 1918ರಲ್ಲಿ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಸವಾರರ ಪರಾಕ್ರಮವನ್ನು ನಾನು ಮಕ್ಕಳಿಗೆ ಹೆಮ್ಮೆಯಿಂದಲೇ ಹೇಳುತ್ತೇನೆ. ಊರಿಗೆ ಮರಳಿದ ಮೇಲೆ ಅವರಿಗೆ ನಿದ್ದೆ ಬರುತ್ತಿತ್ತೇ ಎಂಬುದು ಪಾಠದಲ್ಲಿಲ್ಲ.

ಮುಂದಿನ ಹೆಜ್ಜೆ ಇಟ್ಟವರು ಇಬ್ಬರು ಹೆಂಗಸರು. ಅಮೆರಿಕದ ಬೋಸ್ಟನ್ನಿನಲ್ಲಿ ಆ್ಯನ್ ಬರ್ಜೆಸ್ ಎಂಬ ನರ್ಸ್, ಲಿಂಡಾ ಹೋಮ್‌ಸ್ಟ್ರಾಮ್ ಎಂಬ ಸಮಾಜಶಾಸ್ತ್ರಜ್ಞೆ ಸೇರಿ, ಅತ್ಯಾಚಾರಕ್ಕೊಳಗಾಗಿ ಆಸ್ಪತ್ರೆಗೆ ಬಂದ ಹೆಣ್ಣುಮಕ್ಕಳ ಬಳಿ ಕೂತು ಅವರ ಮಾತು ಕೇಳಿದರು. 1974ರಲ್ಲಿ ಅವರು ಬರೆದ ವರದಿಯಲ್ಲಿ ಕೆಟ್ಟ ಕನಸು, ಬೆಚ್ಚಿಬೀಳುವುದು, ಘಟನೆಯನ್ನು ನೆನಪಿಸುವ ಪ್ರತಿಯೊಂದಕ್ಕೂ ಹೆದರುವುದು, ಎಲ್ಲ ಇತ್ತು. ಯುದ್ಧದಿಂದ ಬಂದವರದೂ ಇದೇ ಪಾಡು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರೂ ಮಹಿಳಾ ಚಳವಳಿಯವರೂ ದನಿಯೆತ್ತಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಇದಕ್ಕೆ ಪಿ.ಟಿ.ಎಸ್.ಡಿ. ಎಂಬ ಹೆಸರು ಕೊಟ್ಟಿತು. ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ ಎಂದು ಅರ್ಥ. ನಾಟಕವೂ ಅಲ್ಲ, ಗಾಳಿಯೂ ಅಲ್ಲ, ಗಾಯ. ಈ ಒಂದು ಮಾತು ಕಾಗದದ ಮೇಲೆ ಬರಲು ಇಷ್ಟು ಕಾಲ ಹಿಡಿಯಿತು.

ಗಾಯವೆಂದ ಮೇಲೆ ಔಷಧ ಬೇಕಲ್ಲ? ಇಲ್ಲಿ ಫ್ರಾನ್ಸಿನ್ ಶಪೀರೋ ಎಂಬಾಕೆ ಬರುತ್ತಾರೆ. 1948ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಮೊದಲು ಅವರು ನನ್ನ ಹಾಗೆ ಟೀಚರು, ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಸಾಹಿತ್ಯದಲ್ಲಿ ಡಾಕ್ಟರೇಟ್‌ಗೆ ಓದುತ್ತಿದ್ದಾಗ, 1979ರಲ್ಲಿ, ಕ್ಯಾನ್ಸರ್ ಕಾಣಿಸಿತು. ಗುಣವಾದರೂ ಅವರ ದಾರಿಯೇ ಬದಲಾಯಿತು. ಮನಸ್ಸಿಗೂ ದೇಹಕ್ಕೂ ಇರುವ ನಂಟನ್ನು ತಿಳಿಯಲು ಮನೋವಿಜ್ಞಾನಕ್ಕೆ ಹೊರಳಿದರು. 1987ರಲ್ಲಿ ಒಂದು ದಿನ ಕ್ಯಾಲಿಫೋರ್ನಿಯಾದ ಪಾರ್ಕೊಂದರಲ್ಲಿ ನಡೆದು ಹೋಗುವಾಗ, ಕಾಡುತ್ತಿದ್ದ ಯೋಚನೆಗಳು ತಾವಾಗಿ ಹಗುರವಾದದ್ದನ್ನು ಗಮನಿಸಿದರಂತೆ. ಯಾಕೆಂದು ನೋಡಿಕೊಂಡರೆ, ಆ ಯೋಚನೆ ಬಂದಾಗ ಕಣ್ಣುಗಳು ಬೇಗ ಬೇಗ ಅತ್ತಿಂದಿತ್ತ ಓಡುತ್ತಿದ್ದವು. ಗೆಳೆಯರ ಮೇಲೆ ಪ್ರಯೋಗಿಸಿದರು; ಆಮೇಲೆ ಯುದ್ಧದಿಂದ ಬಂದವರೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರೂ ಸೇರಿ 22 ಜನರ ಮೇಲೆ ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದರು. ಈ ಪದ್ಧತಿಯೇ ಇಂದು ಇ.ಎಂ.ಡಿ.ಆರ್. ಎಂದು ಹೆಸರಾಗಿದೆ.

ಮಾಡುವುದೇನು? ಚಿಕಿತ್ಸಕಿ ಮೊದಲು ಪೂರ್ವಕಥೆ ಕೇಳುತ್ತಾಳೆ, ಮನಸ್ಸು ಕಲಕಿದರೆ ಶಾಂತವಾಗುವ ಉಪಾಯ ಕಲಿಸುತ್ತಾಳೆ. ಅಷ್ಟಾಗದೆ ಮುಂದಕ್ಕೆ ಹೋಗುವುದಿಲ್ಲ. ಬಳಿಕ ಕಾಡುವ ಚಿತ್ರ ಯಾವುದು, ಅದರ ಜೊತೆ ಅಂಟಿಕೊಂಡ 'ತಪ್ಪು ನನ್ನದೇ' ಎಂಬಂಥ ಮಾತು ಯಾವುದು, ಸಂಕಟ 0ಯಿಂದ 10ರೊಳಗೆ ಎಷ್ಟು ಎಂದು ವಿಚಾರಿಸುತ್ತಾಳೆ. ಆಮೇಲೆ, ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಎದುರಿಗೆ ಎಡಬಲ ಆಡುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಅರ್ಧ ನಿಮಿಷದಷ್ಟು ಹೊತ್ತು, ನಿಲ್ಲಿಸಿ, ಈಗೇನು ತೋಚಿತೆಂದು ಕೇಳುವುದು, ಮತ್ತೆ ಬೆರಳು. ಸಂಕಟ ಇಳಿಯುವವರೆಗೆ ಹೀಗೆ. ಒಟ್ಟು ಎಂಟು ಹಂತಗಳು. ಒಂದು ಸಲಕ್ಕೆ ಗಂಟೆ, ಒಂದೂವರೆ ಗಂಟೆ. ನನ್ನ ಮನಸ್ಸಿಗೆ ಹಿಡಿಸಿದ್ದು ಒಂದು ವಿಷಯ: ನಡೆದದ್ದನ್ನು ಎಳೆ ಎಳೆಯಾಗಿ ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಹೇಳಲು ನಾಲಗೆ ಏಳದೆ ಕೊರಗುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು, 'ಇದೇನ್ರೀ, ದೃಷ್ಟಿ ತೆಗೆದ ಹಾಗಾಯ್ತಲ್ಲ! ಉಪ್ಪು ಮೆಣಸಿನಕಾಯಿ ಒಂದು ಬಾಕಿ' ಎಂದು ನಕ್ಕರು. ಅವರ ಅನುಮಾನ ವಿಜ್ಞಾನಿಗಳಿಗೂ ಬಂದದ್ದೇ. ರಿಚರ್ಡ್ ಮೆಕ್‌ನಾಲಿ ಎಂಬ ಮನೋವಿಜ್ಞಾನಿ 1999ರಲ್ಲಿ ಇದನ್ನು 18ನೆಯ ಶತಮಾನದ ಮೆಸ್ಮರ್‌ನ ಚಿಕಿತ್ಸೆಗೆ ಹೋಲಿಸಿದರು. ಮೈಯಲ್ಲಿ ಹರಿಯುವ ಅಯಸ್ಕಾಂತ ಶಕ್ತಿಯೆಂದು ಹೇಳಿ ಪ್ಯಾರಿಸ್ ನಗರವನ್ನೇ ಮರುಳು ಮಾಡಿದಾತ ಆ ಮೆಸ್ಮರ್. ಗುಣವಾಗುವುದು ನೆನಪನ್ನು ಎದುರಿಸುವುದರಿಂದ, ಕಣ್ಣು ಆಡಿಸುವುದರಿಂದಲ್ಲ ಎಂಬುದು ಟೀಕಾಕಾರರ ವಾದ. 2001ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಕಣ್ಣಿನ ಚಲನೆ ಬೇಕಾಗಿಲ್ಲವೆಂದರು. 2013ರಲ್ಲಿ ಇನ್ನಿಬ್ಬರು ಲೆಕ್ಕ ಹಾಕಿ, ಇಲ್ಲ, ಅದರಿಂದ ಹೆಚ್ಚಿನ ಪ್ರಯೋಜನವಿದೆ ಎಂದರು. ಈ ಜಗಳ ಪೂರ್ತಿ ಮುಗಿದಿಲ್ಲ. ಆದರೆ ಒಟ್ಟು ಚಿಕಿತ್ಸೆಯಿಂದ ಗುಣವಿದೆ ಎಂಬ ಪುರಾವೆ ಗಟ್ಟಿಯಾಗುತ್ತ ಬಂತು. 2013ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಪಿ.ಟಿ.ಎಸ್.ಡಿ.ಗೆ ಸಲಹೆ ಮಾಡಿದ ಚಿಕಿತ್ಸೆಗಳಲ್ಲಿ ಇದನ್ನೂ ಸೇರಿಸಿತು. ಶಪೀರೋ 2019ರಲ್ಲಿ ತೀರಿಕೊಂಡರು.

ಕಣ್ಣಿನ ಚಲನೆ ಹೇಗೆ ಕೆಲಸ ಮಾಡೀತು ಎಂಬುದಕ್ಕೆ ಒಂದು ವಿವರಣೆ ನಮಗೆ ಸುಲಭವಾಗಿ ತಿಳಿಯುವಂಥದು. ಒಗ್ಗರಣೆ ಹಾಕುತ್ತ ಮಗುವಿನ ಮಗ್ಗಿ ಒಪ್ಪಿಸಿಕೊಂಡು ನೋಡಿ. ಎರಡಕ್ಕೂ ಪೂರ್ತಿ ಮನಸ್ಸು ಸಿಗುವುದಿಲ್ಲ. ಬೆರಳನ್ನು ಹಿಂಬಾಲಿಸುವ ಮನಸ್ಸಿಗೆ ಆ ಭಯದ ಚಿತ್ರವನ್ನು ಪೂರ್ತಿ ಬಣ್ಣದಲ್ಲಿ ಹಿಡಿದಿಡಲು ಆಗುವುದಿಲ್ಲ. ಚಿತ್ರ ಮಸುಕಾಗುತ್ತದೆ, ಹಾಗೆ ಮಸುಕಾದದ್ದೇ ಮತ್ತೆ ನೆನಪಿನ ಪೆಟ್ಟಿಗೆ ಸೇರುತ್ತದೆ ಎನ್ನುತ್ತಾರೆ. ನೆನಪು ಅಳಿಯುವುದಿಲ್ಲ. ಈಗ ನಡೆಯುತ್ತಿರುವಂತೆ ಕಾಡುವುದನ್ನು ಬಿಟ್ಟು ಹಿಂದೆ ನಡೆದದ್ದಾಗಿ ಉಳಿಯುತ್ತದೆ.

ಇದನ್ನು ಓದಿ ಮನೆಯಲ್ಲೇ ಯಾರ ಮುಂದೆಯೂ ಬೆರಳಾಡಿಸಬೇಡಿ. ಗಾಯ ಕೆದಕಿ ಹಾಗೇ ಬಿಟ್ಟಂತಾದೀತು. ತರಬೇತಿ ಪಡೆದವರೇ ಮಾಡಬೇಕು. ಎಲ್ಲರಿಗೂ ಇದೇ ಚಿಕಿತ್ಸೆ ಹೊಂದಬೇಕೆಂದೂ ಇಲ್ಲ. ಮೊದಲ ಹೆಜ್ಜೆಗೆ ದೂರದ ಊರಿಗೂ ಹೋಗಬೇಕಿಲ್ಲ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಗರ್ಭಕೋಶದ ರೋಗ, ಹೇಡಿತನ, ನಾಟಕ, ಗಾಳಿ ಎಂದೆಲ್ಲ ಹೆಸರಿಟ್ಟವರು ನೊಂದವರ ಮಾತು ಕೇಳಿರಲಿಲ್ಲ. ಕೂತು ಕೇಳಿದ ದಿನದಿಂದಲೇ ಚಿಕಿತ್ಸೆಯ ಚರಿತ್ರೆ ಶುರುವಾದದ್ದು. ಬೆರಳು ಬಂದದ್ದು ಆಮೇಲೆ. ಬೆರಳಾಡಿಸುವ ವಿದ್ಯೆ ನಮಗೆ ಬಾರದಿದ್ದರೇನಂತೆ, ನಂಬಿ ಕೇಳುವುದು ಬಂದೀತು. ಮಗಳೋ ಸೊಸೆಯೋ ಮನೆಗೆಲಸಕ್ಕೆ ಬರುವ ಹುಡುಗಿಯೋ ಯಾವುದೋ ಸದ್ದಿಗೆ ಬೆಚ್ಚಿ ಕೈಯ ಪಾತ್ರೆ ಕೆಡವಿದರೆ 'ಮರೆತುಬಿಡು' ಎನ್ನುವ ಬದಲು 'ಏನಾಯ್ತಮ್ಮಾ?' ಎಂದು ಕೇಳೋಣ. ಕೇಳಿದ ಮೇಲೆ ಉತ್ತರ ಬರುವವರೆಗೆ ಅವಳ ಪಕ್ಕದಲ್ಲಿ ಕೂತಿರೋಣ.