ಜರ್ಮನಿಗೆ ಹೋಗಲು ಭಾಷಾ ಪರೀಕ್ಷೆ: ಯಾವ ವೀಸಾಕ್ಕೆ ಯಾವ ಮಟ್ಟ, ತಾಂಬರಂನಲ್ಲಿದ್ದುಕೊಂಡು ತಯಾರಿ ಹೇಗೆ? ಇಲ್ಲಿದೆ ಮಾಹಿತಿ

ಚೆನ್ನೈ: ಮದುವೆಯಾಗಿ ಪತಿ ಜರ್ಮನಿಯಲ್ಲಿದ್ದಾರೆ, ಪತ್ನಿ ತಾಂಬರಂನ ಬಾಡಿಗೆ ಮನೆಯಲ್ಲಿ ವೀಸಾಕ್ಕಾಗಿ ಕಾಯುತ್ತಿದ್ದಾರೆ. ನರ್ಸಿಂಗ್ ಮುಗಿಸಿದ ಯುವತಿಗೆ ಜರ್ಮನ್ ಆಸ್ಪತ್ರೆಯಿಂದ ಕೆಲಸದ ಭರವಸೆ ಸಿಕ್ಕಿದೆ, ಆದರೆ ಲೈಸೆನ್ಸ್ ಸಿಗಬೇಕಾದರೆ ಭಾಷೆ ಬರಬೇಕು. ಇಂಥ ಕುಟುಂಬಗಳ ಮುಂದಿನ ಒಂದೆರಡು ವರ್ಷಗಳ ಲೆಕ್ಕಾಚಾರ ನಿಂತಿರುವುದು ಒಂದೇ ಕಾಗದದ ಮೇಲೆ. ಅದೇ ಜರ್ಮನ್ ಭಾಷಾ ಪ್ರಮಾಣಪತ್ರ.

ಭಾರತೀಯ ನುರಿತ ಕೆಲಸಗಾರರಿಗೆ ನೀಡುವ ವೀಸಾಗಳ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತ್ತು. ಬಾಗಿಲು ಅಗಲವಾಗಿದ್ದರೂ ಭಾಷೆಯ ಷರತ್ತು ಹಾಗೇ ಉಳಿದಿದೆ. ಯಾರಿಗೆ ಎಷ್ಟು ಜರ್ಮನ್ ಬೇಕು, ಪರೀಕ್ಷೆ ಹೇಗಿರುತ್ತದೆ, ಕನ್ನಡಿಗರಿಗೆ ಯಾವುದು ಸುಲಭ, ಯಾವುದು ಕಷ್ಟ? ವಿವರ ಇಲ್ಲಿದೆ.

ಯಾರಿಗೆ ಯಾವ ಮಟ್ಟ?

ಯುರೋಪಿನ ಅಳತೆಯಲ್ಲಿ ಭಾಷಾ ಜ್ಞಾನವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮಟ್ಟಗಳಾಗಿ ವಿಂಗಡಿಸಲಾಗಿದೆ. ಎ1 ಆರಂಭದ ಹಂತ.

* ಪತಿ ಅಥವಾ ಪತ್ನಿಯನ್ನು ಸೇರಲು: ಸಾಮಾನ್ಯವಾಗಿ ಎ1 ಬೇಕು. ಆದರೆ ಅಲ್ಲಿರುವವರ ಬಳಿ ಇಯು ಬ್ಲೂ ಕಾರ್ಡ್ ಇದ್ದರೆ ಸಂಗಾತಿಗೆ ಈ ಷರತ್ತಿನಿಂದ ವಿನಾಯಿತಿ ಇದೆ. ಹಾಗಾಗಿ ತರಗತಿಗೆ ಹಣ ಕಟ್ಟುವ ಮೊದಲು ಸಂಗಾತಿಯ ಪರವಾನಗಿ ಯಾವ ಬಗೆಯದು ಎಂದು ಕೇಳಿಕೊಳ್ಳಿ.

* ಕೆಲಸ ಹುಡುಕಲು ಚಾನ್ಸೆನ್‌ಕಾರ್ಟೆ: 2024ರ ಜೂನ್ 1ರಿಂದ ಜಾರಿಯಲ್ಲಿರುವ ಈ 'ಅವಕಾಶ ಕಾರ್ಡ್'ಗೆ ಅಂಕ ಪದ್ಧತಿಯಲ್ಲಿ ಅರ್ಜಿ ಹಾಕುವವರಿಗೆ ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ಸಾಕು. ಆದರೆ ಕನಿಷ್ಠ 6 ಅಂಕ ಗಳಿಸಬೇಕು. ಎ2 ಇದ್ದರೆ 1, ಬಿ1 ಇದ್ದರೆ 2, ಬಿ2 ಇದ್ದರೆ 3 ಅಂಕ ಸಿಗುತ್ತದೆ.

* ಆಸ್‌ಬಿಲ್ಡುಂಗ್: ದುಡಿಯುತ್ತಲೇ ಕಲಿಯುವ ಈ ವೃತ್ತಿ ತರಬೇತಿಗೆ ಸಾಮಾನ್ಯವಾಗಿ ಬಿ1.

* ನರ್ಸ್‌ಗಳಿಗೆ: ಪೂರ್ಣ ಪ್ರಮಾಣದ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2. ರೋಗಿಯ ಜತೆ, ವೈದ್ಯರ ಜತೆ ತಪ್ಪಿಲ್ಲದೆ ಮಾತಾಡಬೇಕಾದ ಕೆಲಸವಾದ್ದರಿಂದ ಇಲ್ಲಿ ರಿಯಾಯಿತಿ ಕಡಿಮೆ.

* ಅಲ್ಲೇ ನೆಲೆಸಲು: ಬ್ಲೂ ಕಾರ್ಡ್ ಇರುವವರು ಎ1 ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿ ಕೇಳಬಹುದು. ಪೌರತ್ವಕ್ಕೆ ಸಾಮಾನ್ಯವಾಗಿ 5 ವರ್ಷದ ವಾಸ, ಬಿ1 ಮಟ್ಟದ ಭಾಷೆ ಮತ್ತು 33 ಪ್ರಶ್ನೆಗಳ ಪೌರತ್ವ ಪರೀಕ್ಷೆ ಇದೆ. ಅದರಲ್ಲಿ 17 ಉತ್ತರ ಸರಿಯಾದರೆ ಪಾಸ್.

ಪರೀಕ್ಷೆ ಎಲ್ಲಿ?

ಚೆನ್ನೈನಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂದೇ ಹೆಸರಾದ ಗೋಥೆ ಇನ್‌ಸ್ಟಿಟ್ಯೂಟ್ ನುಂಗಂಬಾಕ್ಕಂನ ರಟ್‌ಲ್ಯಾಂಡ್ ಗೇಟ್ ಪ್ರದೇಶದಲ್ಲಿದೆ. ತಾಂಬರಂನಿಂದ ಬೀಚ್ ಕಡೆ ಹೋಗುವ ಲೋಕಲ್ ರೈಲು ಹತ್ತಿದರೆ ನುಂಗಂಬಾಕ್ಕಂ ನಿಲ್ದಾಣಕ್ಕೆ ಸುಮಾರು ಮುಕ್ಕಾಲು ಗಂಟೆ, ಅಲ್ಲಿಂದ ಆಟೋ. ಬೆಂಗಳೂರಿನಲ್ಲಿ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಇನ್‌ಸ್ಟಿಟ್ಯೂಟ್‌ನ ಕೇಂದ್ರವಿದೆ. ಚೆನ್ನೈನಲ್ಲಿ ಸೀಟು ಸಿಗದಿದ್ದರೆ ಊರಿಗೆ ಬಂದಾಗ ಬೆಂಗಳೂರಿನಲ್ಲೂ ಬರೆಯಬಹುದು. ಅಲ್ಲೇ ಕೋರ್ಸ್ ಮಾಡಿರಬೇಕೆಂಬ ನಿಯಮವಿಲ್ಲ, ಹೊರಗಿನಿಂದ ಓದಿಕೊಂಡವರೂ ಪರೀಕ್ಷೆಗೆ ಕೂರಬಹುದು. ಗೋಥೆ ಅಲ್ಲದೆ ಟೆಲ್ಕ್, ಒಎಸ್‌ಡಿ, ಟೆಸ್ಟ್‌ಡಾಫ್ ಪರೀಕ್ಷೆಗಳಿಗೂ ಮಾನ್ಯತೆ ಇದೆ.

ನೋಂದಣಿ ಆನ್‌ಲೈನ್‌ನಲ್ಲಿ ನಡೆಯುತ್ತದೆ, ಸೀಟುಗಳು ಬೇಗ ಭರ್ತಿಯಾಗುತ್ತವೆ. ದಕ್ಷಿಣ ಭಾರತೀಯರು ಗಮನಿಸಬೇಕಾದ ಒಂದು ಸಂಗತಿ ಹೆಸರಿನದ್ದು. ಇನಿಷಿಯಲ್, ತಂದೆಯ ಹೆಸರು, ಊರಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ನಮೂದಿಸಿ. ಪ್ರಮಾಣಪತ್ರದಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಇದ್ದರೆ ವೀಸಾ ವೇಳೆ ಪರದಾಡಬೇಕಾಗುತ್ತದೆ.

ಪ್ರಶ್ನೆಪತ್ರಿಕೆ ಹೇಗಿರುತ್ತದೆ?

ಎಲ್ಲ ಮಟ್ಟಗಳಲ್ಲೂ ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು.

ಗೋಥೆ ಎ1ರಲ್ಲಿ ಕೇಳುವುದಕ್ಕೆ ಸುಮಾರು 20 ನಿಮಿಷ, ಓದುವುದಕ್ಕೆ 25, ಬರೆಯುವುದಕ್ಕೆ 20, ಮಾತಿಗೆ ಸುಮಾರು 15 ನಿಮಿಷ. 100ಕ್ಕೆ 60 ಅಂಕ ಬಂದರೆ ಪಾಸ್. ಬರೆಯುವ ಭಾಗದಲ್ಲಿ ಒಂದು ಫಾರ್ಮ್ ತುಂಬಿ, ಸುಮಾರು 30 ಪದಗಳ ಕಿರು ಪತ್ರ ಬರೆಯಬೇಕು. ಮಾತಿನ ಪರೀಕ್ಷೆ ಗುಂಪಿನಲ್ಲಿ ನಡೆಯುತ್ತದೆ. ನಿಮ್ಮ ಪರಿಚಯ ಹೇಳಿಕೊಳ್ಳುವುದು, ಕಾರ್ಡ್ ನೋಡಿ ಪ್ರಶ್ನೆ ಕೇಳುವುದು, ಏನಾದರೂ ಕೊಡಿ ಎಂದು ವಿನಂತಿಸುವುದು ಇಷ್ಟೇ.

ಬಿ1ರಲ್ಲಿ ಓದುವುದಕ್ಕೆ 65, ಕೇಳುವುದಕ್ಕೆ 40, ಬರೆಯುವುದಕ್ಕೆ 60, ಮಾತಿಗೆ ಸುಮಾರು 15 ನಿಮಿಷ. ಪ್ರತಿ ಭಾಗಕ್ಕೂ ಪ್ರತ್ಯೇಕವಾಗಿ 100 ಅಂಕ, ಪ್ರತಿಯೊಂದರಲ್ಲೂ 60 ಬರಬೇಕು. ಬಿ1 ಮತ್ತು ಬಿ2ರಲ್ಲಿ ಒಂದು ಭಾಗ ಫೇಲಾದರೆ ಅದನ್ನಷ್ಟೇ ಮತ್ತೆ ಬರೆಯಬಹುದು. ಎ1ರಲ್ಲಿ ಈ ಸೌಲಭ್ಯವಿಲ್ಲ, ಪೂರ್ತಿ ಪರೀಕ್ಷೆ ಮತ್ತೆ ಬರೆಯಬೇಕು.

ಎಷ್ಟು ಸಮಯ ಬೇಕು?

45 ನಿಮಿಷದ ಪಾಠಗಳ ಲೆಕ್ಕದಲ್ಲಿ ಎ1ಕ್ಕೆ 80ರಿಂದ 200, ಬಿ1ಕ್ಕೆ ಮೊದಲಿನಿಂದ ಒಟ್ಟು 350ರಿಂದ 650, ಬಿ2ಕ್ಕೆ 600ರಿಂದ 800 ಪಾಠ ಬೇಕು ಎನ್ನುತ್ತದೆ ಗೋಥೆ ಇನ್‌ಸ್ಟಿಟ್ಯೂಟ್. ದಿನಕ್ಕೆ ಎರಡು ಪಾಠದಂತೆ ಬಿಡುವಿಲ್ಲದೆ ಕಲಿತರೂ ಬಿ2ಕ್ಕೆ 300 ದಿನ ಬೇಕಾಯಿತು. ಪಾಳಿ ಕೆಲಸ ಮಾಡುವ ನರ್ಸ್‌ಗಳಿಗೆ ಇನ್ನೂ ಹೆಚ್ಚು. 'ಮೂರು ತಿಂಗಳಲ್ಲಿ ಬಿ2 ಗ್ಯಾರಂಟಿ' ಎನ್ನುವ ಜಾಹೀರಾತು ಕಂಡರೆ ಈ ಲೆಕ್ಕ ನೆನಪಿಸಿಕೊಳ್ಳಿ.

ಕನ್ನಡಿಗರಿಗೆ ಯಾವುದು ಸುಲಭ, ಯಾವುದು ಕಷ್ಟ?

ಜರ್ಮನ್ನರು ಕನ್ನಡ ಕಲಿತ ಚರಿತ್ರೆ ನಮಗೆ ಗೊತ್ತಿದೆ. ಬಾಸೆಲ್ ಮಿಷನ್‌ನ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಕೊಟ್ಟರು. ಈಗ ಹೊರಟಿರುವುದು ತಿರುಗು ದಾರಿಯಲ್ಲಿ. ಕನ್ನಡ ಗೊತ್ತಿರುವುದು ಇಲ್ಲಿ ಕೆಲವೆಡೆ ನೆರವಿಗೂ ಬರುತ್ತದೆ.

'ನೀನು', 'ನೀವು' ಭೇದ ಜರ್ಮನ್‌ನಲ್ಲಿ 'ಡು', 'ಜೀ' ಎಂದು ಇದೆ. ಕಚೇರಿಯಲ್ಲಿ, ಅಪರಿಚಿತರ ಜತೆ 'ಜೀ'. ಇದು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. 'ವೈಲ್' (ಏಕೆಂದರೆ) ಬಂದ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಮನಸ್ಸಿನಲ್ಲಿಟ್ಟುಕೊಂಡು ಕಲಿಯುವವರು ಇಲ್ಲಿ ಎಡವುತ್ತಾರೆ, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದೇ ರೂಢಿ.

ಕಷ್ಟವಿರುವುದು ಲಿಂಗದಲ್ಲಿ. ಕನ್ನಡದಲ್ಲಿ ಅರ್ಥ ನೋಡಿದರೆ ಲಿಂಗ ತಿಳಿಯುತ್ತದೆ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕ ಲಿಂಗ! ಹಾಗಾಗಿ ಪದದ ಜತೆಗೇ ಡೆರ್, ಡೀ, ಡಾಸ್ ಸೇರಿಸಿ ಬಾಯಿಪಾಠ ಮಾಡುವುದೊಂದೇ ದಾರಿ. ಇನ್ನೊಂದು ತೊಡಕು ಸಂಖ್ಯೆ. ನಮ್ಮ ಇಪ್ಪತ್ತೊಂದು ಅಲ್ಲಿ 'ಒಂದು ಮತ್ತು ಇಪ್ಪತ್ತು'. ಕೇಳುವ ಪರೀಕ್ಷೆಯಲ್ಲಿ ಫೋನ್ ನಂಬರ್, ಬೆಲೆ, ರೈಲಿನ ಸಮಯ ಬರುವುದರಿಂದ ಇಲ್ಲೇ ಅಂಕ ಕೈಜಾರುತ್ತದೆ. ಎ1ರಲ್ಲಿ ಪ್ರಕಟಣೆಗಳನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ ಎನ್ನುವುದೂ ಗೊತ್ತಿರಲಿ. ತಾಂಬರಂನಿಂದ ನುಂಗಂಬಾಕ್ಕಂವರೆಗಿನ ರೈಲು ಪ್ರಯಾಣವನ್ನು ಹೆಡ್‌ಫೋನ್ ಹಾಕಿಕೊಂಡು ಈ ಅಭ್ಯಾಸಕ್ಕೇ ಮೀಸಲಿಡಬಹುದು. ಗೋಥೆ ವೆಬ್‌ಸೈಟ್‌ನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಮತ್ತು ಆಡಿಯೋ ಉಚಿತವಾಗಿ ಸಿಗುತ್ತವೆ.

ಮೋಸ ಹೋಗಬೇಡಿ

ಪರೀಕ್ಷೆ ಬರೆಯದೆ ಸರ್ಟಿಫಿಕೇಟ್ ಕೊಡಿಸುತ್ತೇವೆ ಎನ್ನುವವರಿಂದ ದೂರವಿರಿ. ಪ್ರಮಾಣಪತ್ರ ಅಸಲಿಯೇ ಎಂದು ವೀಸಾ ಅಧಿಕಾರಿಗಳು ಪರಿಶೀಲಿಸಬಲ್ಲರು. ನಕಲಿ ಎಂದು ಗೊತ್ತಾದರೆ ಹಣ ಹೋಗುವುದಷ್ಟೇ ಅಲ್ಲ, ಜರ್ಮನಿಯ ದಾರಿಯೇ ಮುಚ್ಚಬಹುದು. ನರ್ಸ್‌ಗಳು ಏಜೆಂಟ್‌ಗೆ ಲಕ್ಷಗಟ್ಟಲೆ ಕೊಡುವ ಮೊದಲು ಸರ್ಕಾರಿ ಮಾರ್ಗಗಳನ್ನು ವಿಚಾರಿಸುವುದು ಒಳ್ಳೆಯದು. ತಮಿಳುನಾಡಿನಲ್ಲಿ ಸರ್ಕಾರದ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಷನ್ ಇದೆ. ನೆರೆಯ ಕೇರಳದಲ್ಲಿ ನೋರ್ಕಾ ರೂಟ್ಸ್ 2021ರ ಡಿಸೆಂಬರ್‌ನಲ್ಲಿ ಜರ್ಮನಿಯ ಫೆಡರಲ್ ಉದ್ಯೋಗ ಸಂಸ್ಥೆಯೊಂದಿಗೆ 'ಟ್ರಿಪಲ್ ವಿನ್' ಒಪ್ಪಂದ ಮಾಡಿಕೊಂಡಿದೆ.

ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಪ್ರಮಾಣಪತ್ರ ಎಷ್ಟು ಹಳೆಯದಾದರೂ ಸರಿಯೇ ಎಂಬ ಪ್ರಶ್ನೆಗೂ ವೀಸಾದ ಬಗೆಯ ಮೇಲೆ ಉತ್ತರ ಬೇರೆಯಾಗಬಹುದು. ಶುಲ್ಕ ಕಟ್ಟುವ ಮುನ್ನ, ನೀವು ವಾಸವಿರುವ ಊರು ಯಾವ ಜರ್ಮನ್ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ ಎಂದು ತಿಳಿದುಕೊಂಡು, ಅದರ ಅಧಿಕೃತ ವೆಬ್‌ಸೈಟ್‌ನಲ್ಲಿ ದಾಖಲೆಗಳ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ.